ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಅಂತ ಕಂಪ್ಯೂಟರ್ ಹೇಳುತ್ತಾ?

ಹೋದ ತಿಂಗಳು ಮೋಲ್ಡ್‌ಗೆ ನೀರು ಹೊಡೆಯುವ ವಿಷಯ ಬರೆಯುವಾಗ, ಮೇಸ್ತ್ರಿಗಳ ಅನುಭವವನ್ನು ಕಂಪ್ಯೂಟರಿಗೆ ತುಂಬುವ ‘ಎಕ್ಸ್‌ಪರ್ಟ್ ಸಿಸ್ಟಂ’ ಒಂದನ್ನು ನಾನೂ ಮಾಡಿದ್ದೆ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿನ ಬಗ್ಗೆಯೇ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಾನು ಸಿವಿಲ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಗೈಡ್ ‘ನಿರ್ಮಾಣ ನಿರ್ವಹಣೆಯಲ್ಲಿ ಎಕ್ಸ್‌ಪರ್ಟ್ ಸಿಸ್ಟಂ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗೆಳತಿಯರು ‘ಅದು ಹಳೇ ಕಾಲದ್ದು, ಈಗ ಏನು ಕೇಳಿದರೂ ಎಐ ಹೇಳುತ್ತೆ’ ಅನ್ನುತ್ತಾರೆ. ವಿಷಯ ಬದಲಾಯಿಸಲಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬದಲಾಯಿಸಬೇಡಮ್ಮ. ಇದು ಹಳೆಯದು ನಿಜ. ಆದರೆ ಇದರಲ್ಲಿ ನೀನು ಕಲಿಯುವುದು ಕಂಪ್ಯೂಟರ್‌ಗಿಂತ ಜಾಸ್ತಿ ಸಿವಿಲ್.

ಎಕ್ಸ್‌ಪರ್ಟ್ ಸಿಸ್ಟಂನಲ್ಲಿ ಎರಡು ಭಾಗ. ಒಂದು, ‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ನಿಯಮಗಳ ಗಂಟು. ಅದನ್ನು ಅನುಭವಸ್ಥರಿಂದ ಕೇಳಿ ಕಟ್ಟಬೇಕು. ಇನ್ನೊಂದು, ನಾವು ಕೊಟ್ಟ ಮಾಹಿತಿಗೆ ಯಾವ ನಿಯಮ ಕೂಡುತ್ತದೆ ಅಂತ ಹುಡುಕಿ, ಒಂದರಿಂದ ಇನ್ನೊಂದಕ್ಕೆ ಹೋಗಿ ತೀರ್ಮಾನ ಕೊಡುವ ಯಂತ್ರ. ಎರಡೂ ಬೇರೆ ಬೇರೆ ಇರುವುದರಿಂದ ಒಂದು ಗಂಟು ತೆಗೆದು ಇನ್ನೊಂದು ಇಡಬಹುದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಸಿನ್ ಅಂತ ಒಂದು ಸಿಸ್ಟಂ ಮಾಡಿದರು. ರಕ್ತದ ಸೋಂಕಿಗೆ ಯಾವ ಆ್ಯಂಟಿಬಯೋಟಿಕ್ ಕೊಡಬೇಕು ಅಂತ ಅದು ಸಲಹೆ ಕೊಡುತ್ತಿತ್ತು. ಆಮೇಲೆ ಅದರಿಂದ ವೈದ್ಯಕೀಯದ ನಿಯಮಗಳನ್ನೆಲ್ಲ ತೆಗೆದು ಖಾಲಿ ಮಾಡಿದರು. ಅದೇ ಖಾಲಿ ಚೌಕಟ್ಟಿಗೆ ಸ್ಟ್ರಕ್ಚರಲ್ ಎಂಜಿನಿಯರ್‌ಗಳ ತಿಳಿವಳಿಕೆ ತುಂಬಿದಾಗ ಸೇಕಾನ್ ಅನ್ನುವ ಸಿಸ್ಟಂ ಹುಟ್ಟಿತು. ವೈದ್ಯರಿಗೆ ಮಾಡಿದ ಯಂತ್ರ ಕೆಲವೇ ವರ್ಷದಲ್ಲಿ ನಮ್ಮವರ ಕೆಲಸಕ್ಕೂ ಬಂತು. 1984ರಲ್ಲಿ ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದಲ್ಲಿ ಮೇರಿ ಲೂ ಮೇಹರ್ ಅವರು ಎತ್ತರದ ಕಟ್ಟಡಗಳ ಮೊದಲ ಹಂತದ ವಿನ್ಯಾಸಕ್ಕೆ ಹೈ-ರೈಸ್ ಅನ್ನುವ ಸಿಸ್ಟಂ ಮಾಡಿದರು. ಮುಂದೆ ಅಲ್ಲೇ ಕೆಲಸಗಳ ಯೋಜನೆ ಹಾಕುವ ಪ್ಲಾನೆಕ್ಸ್ ಬಂತು.

ಮೈಸಿನ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಅದು ಪ್ರಶ್ನೆ ಕೇಳಿದಾಗ ವೈದ್ಯರು ತಿರುಗಿ ‘ಯಾಕೆ ಕೇಳುತ್ತಿದ್ದೀಯ?’ ಅನ್ನಬಹುದಿತ್ತು. ಯಾವ ನಿಯಮ ನೋಡುತ್ತಿದ್ದೇನೆ, ಅದಕ್ಕೆ ಈ ಉತ್ತರ ಯಾಕೆ ಬೇಕು ಅಂತ ಅದು ತೋರಿಸುತ್ತಿತ್ತು. ಈಗಿನ ಮಾತನಾಡುವ ಎಐಗೂ ‘ಯಾಕೆ’ ಅಂತ ಕೇಳಬಹುದು, ಅದೂ ಚೆನ್ನಾಗಿ ಹೇಳುತ್ತೆ. ಆದರೆ ಅದು ಹೇಳುವ ಕಾರಣವೇ ಅದು ನಡೆದು ಬಂದ ದಾರಿ ಅಂತ ನಂಬಲು ಆಧಾರ ಇಲ್ಲ. ಎಕ್ಸ್‌ಪರ್ಟ್ ಸಿಸ್ಟಂನಲ್ಲಿ 37ನೇ ನಿಯಮ ತಪ್ಪಿದ್ದರೆ 37ನೇ ನಿಯಮವನ್ನೇ ತೆಗೆದು ನೋಡಬಹುದು, ತಿದ್ದಬಹುದು. ಒಂದು ಸ್ಲ್ಯಾಬಿನ ಕೆಳಗೆ ಹತ್ತು ಜನ ಕೆಲಸ ಮಾಡುವಾಗ ಇದು ಸಣ್ಣ ವಿಷಯವಲ್ಲ.

ಪ್ರಾಜೆಕ್ಟಿಗೆ ಒಂದೇ ಮಾತು: ‘ನಿರ್ಮಾಣ ನಿರ್ವಹಣೆ’ ಅಂತ ಇಡೀ ಸಮುದ್ರಕ್ಕೆ ಇಳಿಯಬೇಡ. ‘ಮಳೆ ಬರುವ ದಿನ ಕಾಂಕ್ರೀಟ್ ಹಾಕಬೇಕಾ ಬೇಡವಾ’ ಅನ್ನುವಷ್ಟು ಚಿಕ್ಕದು ಹಿಡಿ. ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. 1980ರ ದಶಕದಲ್ಲಿ ನಾಸಾದ ಜಾನ್ಸನ್ ಕೇಂದ್ರದಲ್ಲಿ ಮಾಡಿದ ಕ್ಲಿಪ್ಸ್ ಅನ್ನುವ ತಂತ್ರಾಂಶ ಇವತ್ತಿಗೂ ಉಚಿತವಾಗಿ ಸಿಗುತ್ತದೆ. ನಾನೂ ಅದರಲ್ಲೇ ಮಾಡಿದ್ದು.

ಪ್ರಶ್ನೆ: ನಾನು ಸಣ್ಣ ಕಂಟ್ರಾಕ್ಟರ್. ಒಂದೇ ಸಲಕ್ಕೆ ಮೂರು ಸೈಟ್ ನಡೆಯುತ್ತವೆ. ಸೆಂಟ್ರಿಂಗ್ ಸಾಮಾನು ಬಾಡಿಗೆಯದ್ದು, ದಿನಕ್ಕೆ ದಿನ ದುಡ್ಡು. ಯಾವ ಸೈಟಲ್ಲಿ ಯಾವತ್ತು ಬಿಚ್ಚಬಹುದು ಅಂತ ಹೇಳುವ ಇಂಥ ಸಿಸ್ಟಂ ಇದ್ದರೆ ನಮ್ಮಂಥವರಿಗೆ ಉಪಯೋಗ ಆಗುತ್ತಾ?
– ಕಟ್ಟಡ ಗುತ್ತಿಗೆದಾರರು, ಹಾಸನ

ಉತ್ತರ: ಆಗುತ್ತೆ. ಹೇಗೆ ಕೈ ಕೊಡುತ್ತೆ ಅನ್ನುವುದನ್ನೂ ಹೇಳುತ್ತೇನೆ. ನಾನು ಮಾಡಿದ್ದು ಇದನ್ನೇ, ಮತ್ತು ಎಡವಿದ್ದೂ ಇಲ್ಲೇ.

2003ರಲ್ಲಿ ಕೆಲಸದ ಜೊತೆಗೇ ಎಂ.ಟೆಕ್ ಮಾಡುತ್ತಿದ್ದೆ. ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ಹಲಗೆ ಮತ್ತು ಕಂಬಗಳು, ಅದನ್ನು ಬಿಚ್ಚುವ ದಿನ ಹೇಳುವ ಸಿಸ್ಟಂ ನನ್ನ ಪ್ರಾಜೆಕ್ಟ್. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456ರಲ್ಲಿ ಇದಕ್ಕೊಂದು ಪಟ್ಟಿ ಇದೆ. ಕಾಲಂ, ಗೋಡೆಯ ಪಕ್ಕದ ಹಲಗೆಗಳಿಗೆ 16ರಿಂದ 24 ಗಂಟೆ. ಸ್ಲ್ಯಾಬಿನ ಸ್ಪ್ಯಾನ್, ಅಂದರೆ ಒಂದು ಆಸರೆಯಿಂದ ಇನ್ನೊಂದಕ್ಕೆ ಇರುವ ದೂರ, 4.5 ಮೀಟರ್ ಒಳಗಿದ್ದರೆ ಕೆಳಗಿನ ಕಂಬಗಳನ್ನು 7 ದಿನಕ್ಕೆ ತೆಗೆಯಬಹುದು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್‌ಗೆ 6 ಮೀಟರ್ ಒಳಗೆ 14 ದಿನ, ಮೀರಿದರೆ 21 ದಿನ. ನಾನು ಈ ಪಟ್ಟಿಯನ್ನು ನಿಯಮಗಳಾಗಿ ಬರೆದೆ. ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟಿನ ಅಚ್ಚುಗಳನ್ನು ಒಡೆಸಿ ಬಲ ನೋಡುವುದು), ಮೇಲೆ ಇಟ್ಟ ಇಟ್ಟಿಗೆ ಭಾರ, ಕ್ಯಾಂಟಿಲಿವರ್ ಸಜ್ಜಾ (ಒಂದೇ ಬದಿಯ ಆಸರೆಯಲ್ಲಿ ಹೊರಗೆ ಚಾಚಿದ್ದು) ಎಲ್ಲ ಸೇರಿಸಿ ಒಟ್ಟು 62 ನಿಯಮ ಆದವು.

ಜನವರಿಯಲ್ಲಿ ಮೂಡಿಗೆರೆ ಹತ್ತಿರ ಒಂದು ಕಾಫಿ ಗೋದಾಮಿನ ಕೆಲಸ ನಡೆಯುತ್ತಿತ್ತು. 4.2 ಮೀಟರ್ ಸ್ಪ್ಯಾನಿನ ಸ್ಲ್ಯಾಬ್. ಏಳನೇ ದಿನ ಬೆಳಿಗ್ಗೆ ಸಿಸ್ಟಂಗೆ ಎಲ್ಲ ಕೊಟ್ಟೆ. ‘ಕಂಬ ತೆಗೆಯಬಹುದು’ ಅಂತ ಬಂತು. ಪ್ರಿಂಟ್ ತೆಗೆದುಕೊಂಡು ಹೋಗಿ ಮೇಸ್ತ್ರಿಗಳಿಗೆ ತೋರಿಸಿದೆ. ಅವರಿಗೆ ಆಗಲೇ ಅರವತ್ತರ ಹತ್ತಿರ ವಯಸ್ಸು. ಚೀಟಿ ನೋಡಲಿಲ್ಲ. ಸರ್ವೆ ಕಂಬಗಳ ನಡುವೆ ಬಗ್ಗಿ ಒಳಗೆ ಹೋದರು. ಸ್ಲ್ಯಾಬಿನ ಅಂಚಿನಲ್ಲಿ, ಹಲಗೆ ಮುಗಿಯುವ ಕಡೆ, ಒಂದು ಮೊಳೆಯಿಂದ ಗೀರಿದರು. ಮತ್ತೆ ಗೀರಿದರು. ಗೀರಿದ ಕಡೆ ಪುಡಿ ಉದುರಿತು. ಹೊರಗೆ ಬಂದು ಕೇಳಿದರು:

‘ಅಮ್ಮಾ, ನೀವು ರಾತ್ರಿ ಇಲ್ಲಿ ಮಲಗಿದ್ರಾ? ಎರಡು ಕಂಬಳಿ ಸಾಲಲ್ಲ. ಈ ಚಳೀಲಿ ಕಾಂಕ್ರೀಟೂ ನಿದ್ದೆ ಮಾಡುತ್ತೆ. ಇನ್ನೊಂದು ವಾರ ನಾನು ಕಂಬಕ್ಕೆ ಕೈ ಹಚ್ಚಲ್ಲ.’

ಸಂಜೆ ರೂಮಿಗೆ ಬಂದು ಸಂಹಿತೆ ತೆಗೆದು ನೋಡಿದೆ. ಪಟ್ಟಿಯ ಮೇಲೆ ಒಂದು ಸಾಲು ಇದೆ. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದ್ದರೆ, ತಾಪಮಾನ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಮಾತ್ರ ಈ ದಿನಗಳು. ಬೇರೆ ಸಿಮೆಂಟ್ ಅಥವಾ ಚಳಿ ಇದ್ದರೆ ಬದಲಾಯಿಸಿಕೊಳ್ಳಿ ಅಂತಲೂ ಇದೆ. ನಾನು ಪಟ್ಟಿಯ ಪ್ರತಿ ಅಂಕಿ ಬರೆದುಕೊಂಡಿದ್ದೆ, ಮೇಲಿನ ಆ ಸಾಲನ್ನು ಬಿಟ್ಟಿದ್ದೆ. ಅಲ್ಲಿ ರಾತ್ರಿ 12 ಡಿಗ್ರಿಗೆ ಇಳಿಯುತ್ತಿತ್ತು. ಸಿಮೆಂಟೂ ಸಾದಾ ಅಲ್ಲ, ಬೂದಿ ಬೆರೆಸಿದ ಪಿಪಿಸಿ. ಅದು ಶುರುವಿನ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಚಳಿ ಬಿದ್ದರೆ ಸಿಮೆಂಟ್ ಮತ್ತು ನೀರಿನ ಕ್ರಿಯೆಯೇ ನಿಧಾನ. ಎರಡೂ ಒಟ್ಟಿಗೆ ಸೇರಿದ್ದವು. ಸ್ಲ್ಯಾಬಿನ ಪಕ್ಕದಲ್ಲೇ ಇಟ್ಟಿದ್ದ ಕ್ಯೂಬ್‌ಗಳನ್ನು ಒಡೆಸಿದಾಗ ಬಲ ಚದರ ಮಿಲಿಮೀಟರಿಗೆ 9 ಚಿಲ್ಲರೆ ನ್ಯೂಟನ್ ಬಂತು. 28 ದಿನಕ್ಕೆ 20 ಬರಬೇಕಾದ ಎಂ20 ಕಾಂಕ್ರೀಟಿಗೆ ಏಳು ದಿನಕ್ಕೆ 13ರ ಹತ್ತಿರವಾದರೂ ಬರಬೇಕು.

ಕಂಬ ತೆಗೆದಿದ್ದರೆ ಸ್ಲ್ಯಾಬ್ ಬಿದ್ದೇ ಬೀಳುತ್ತಿತ್ತು ಅಂತ ಹೇಳಲಾರೆ. ಜೋತು ಬೀಳುತ್ತಿತ್ತು, ಬಿರುಕು ಬಿಡುತ್ತಿತ್ತು ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಕೆಳಗೆ ಆರು ಜನ ಇರುತ್ತಿದ್ದರು. ಇಪ್ಪತ್ತು ವರ್ಷದ ಮೇಲಾಯಿತು, ಆ ಪುಡಿ ಉದುರಿದ್ದು ಈಗಲೂ ಕಣ್ಣ ಮುಂದಿದೆ.

ಆಮೇಲೆ ನಿಯಮ ಹೀಗೆ ಬದಲಾಯಿತು: ಸ್ಪ್ಯಾನ್ 4.5 ಮೀಟರ್ ಒಳಗೆ ಇದ್ದು, ಸಿಮೆಂಟ್ ಸಾದಾ ಆಗಿದ್ದು, ಕಾಂಕ್ರೀಟ್ ಹಾಕಿದ ದಿನದಿಂದ ಒಂದು ರಾತ್ರಿಯೂ 15 ಡಿಗ್ರಿಗಿಂತ ಕೆಳಗೆ ಇಳಿಯದೆ ಇದ್ದರೆ, 7 ದಿನ. ಇದರಲ್ಲಿ ಒಂದು ಗೊತ್ತಿಲ್ಲದಿದ್ದರೂ ‘ಕ್ಯೂಬ್ ಒಡೆಸಿ, ಎಂಜಿನಿಯರ್ ನೋಡಲಿ’ ಅಂತ ಬರಬೇಕು. ಈ ಎರಡನೇ ವಾಕ್ಯಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ಮಾಹಿತಿ ಸಾಲದಿದ್ದಾಗ ‘ಗೊತ್ತಿಲ್ಲ’ ಅನ್ನಲು ಬಾರದ ಸಿಸ್ಟಂ ಸೈಟಿಗೆ ಬೇಡ.

ನಿಮಗೆ ದೊಡ್ಡ ತಂತ್ರಾಂಶ ಬೇಕಿಲ್ಲ. ಪ್ರತಿ ಸೈಟಿಗೆ ಒಂದು ಹಾಳೆ: ಹಾಕಿದ ದಿನ, ಯಾವ ಸಿಮೆಂಟ್, ಸ್ಪ್ಯಾನ್ ಎಷ್ಟು, ರಾತ್ರಿ ಚಳಿ ಎಷ್ಟು, ಮೇಲೆ ಏನು ಪೇರಿಸಿದ್ದೀರಿ. ಗೋಡೆಗೆ ನೇತುಹಾಕುವ ಥರ್ಮಾಮೀಟರ್ ತುಂಬಾ ದುಬಾರಿಯಲ್ಲ. ಹಾಸನದಲ್ಲೂ ಡಿಸೆಂಬರ್, ಜನವರಿ ರಾತ್ರಿ ತಣ್ಣಗೇ ಇರುತ್ತೆ ಅಲ್ವಾ? ಇಷ್ಟು ಬರೆದಿಟ್ಟರೆ ಆಮೇಲೆ ಯಾವ ಕಂಪ್ಯೂಟರ್ ಹುಡುಗನೂ ಒಂದು ವಾರದಲ್ಲಿ ನಿಮಗೆ ಸಿಸ್ಟಂ ಮಾಡಿಕೊಡುತ್ತಾನೆ. ಬರೆದಿಡದೆ ಯಾರೂ ಮಾಡಿಕೊಡಲಾರರು. ಬಾಡಿಗೆ ಉಳಿಸುವ ಆತುರಕ್ಕೆ ಮಾತ್ರ ಇದನ್ನು ಬಳಸಬೇಡಿ. ಬಿಚ್ಚಿ ಅನ್ನುವ ಕಾಗದಕ್ಕೆ ಸಹಿ ಹಾಕುವವರು ಮನುಷ್ಯರೇ ಆಗಿರಬೇಕು.

ಪ್ರಶ್ನೆ: ನಮ್ಮ ಮನೆ ಕಟ್ಟಿ ಆರು ವರ್ಷ. ಎರೆ ಭೂಮಿ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಮೊಬೈಲಿನಲ್ಲಿ ಫೋಟೋ ಹಾಕಿ ಕೇಳಿದರೆ ‘ಪ್ಲಾಸ್ಟರ್ ಒಣಗಿದ ಬಿರುಕು, ಪುಟ್ಟಿ ತುಂಬಿ ಬಣ್ಣ ಹಚ್ಚಿ’ ಅಂತ ಬಂತು. ಎರಡು ಸಲ ಹಚ್ಚಿದೆವು, ಮತ್ತೆ ಬಂತು. ಏನು ಮಾಡೋಣ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಸರ್, ಇನ್ನು ಪುಟ್ಟಿಗೆ ದುಡ್ಡು ಹಾಕಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ‘ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ’ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕಿತ್ತು.

ಬಿರುಕಿನ ಕಾರಣ ಹುಡುಕುವುದು ಎಕ್ಸ್‌ಪರ್ಟ್ ಸಿಸ್ಟಂಗಳಿಗೆ ಹೇಳಿ ಮಾಡಿಸಿದ ಕೆಲಸ. ಒಳ್ಳೆಯ ವೈದ್ಯರ ಹಾಗೆ ಅದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಸ್ಲ್ಯಾಬಿನ ಕೆಳಗೆ ಗೋಡೆಗುಂಟ ಅಡ್ಡಲಾಗಿ ಇದೆಯಾ? ಹಾಗಿದ್ದರೆ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಇರಬಹುದು. ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇದೆಯಾ? ಅದು ಎರಡು ಬೇರೆ ವಸ್ತು ಕೂಡುವ ಜಾಗದ ಬಿರುಕು. ಕಂಬಿಯ ಉದ್ದಕ್ಕೂ ಇದ್ದು ತುಕ್ಕಿನ ಕಲೆ ಇದೆಯಾ? ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಓರೆಯಾಗಿದ್ದು, ಗೋಡೆಯ ಒಳಗೂ ಹೊರಗೂ ಕಾಣುತ್ತಿದ್ದು, ಕಾಲಕ್ಕೆ ತಕ್ಕಂತೆ ಹಿರಿದು ಕಿರಿದಾಗುತ್ತಿದ್ದರೆ, ಪಾಯ ಅಲುಗುತ್ತಿದೆ.

ಈ ಸಿಸ್ಟಂಗಳು ಸಾಕ್ಷಿಗಳನ್ನು ಹೇಗೆ ಕೂಡಿಸುತ್ತವೆ ಅಂತ ನಿಮ್ಮ ಮನೆಯ ಮೇಲೆಯೇ ತೋರಿಸುತ್ತೇನೆ. ನೀವು ಶಿಕ್ಷಕರು, ಲೆಕ್ಕ ಇಷ್ಟವಾಗಬಹುದು. ಕಿಟಕಿ ಮೂಲೆಯ ಓರೆ ಬಿರುಕು ಒಂದೇ ಇದ್ದರೆ ‘ಪಾಯದ ದೋಷ’ ಅನ್ನುವುದಕ್ಕೆ ನಾನು 0.4 ಕೊಡುತ್ತೇನೆ (ಪೂರ್ತಿ ಖಾತ್ರಿ ಇದ್ದರೆ 1), ಯಾಕೆಂದರೆ ಬೇರೆ ಕಾರಣಕ್ಕೂ ಅಲ್ಲಿ ಬಿರುಕು ಬರುತ್ತೆ. ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಅನ್ನುವುದಕ್ಕೆ 0.7. ಎರಡನ್ನೂ ಸುಮ್ನೆ ಕೂಡಿದರೆ 1 ದಾಟಿಬಿಡುತ್ತದೆ. ಅದಕ್ಕೆ ಮೈಸಿನ್ ಮಾಡಿದವರು ಹೀಗೆ ಮಾಡಿದರು: ಮೊದಲನೆಯದು 0.4, ಉಳಿದ ಅನುಮಾನ 0.6. ಆ 0.6ರಲ್ಲಿ 0.7 ಪಾಲು, ಅಂದರೆ 0.42. ಒಟ್ಟು 0.82. ಸಾಕ್ಷಿ ಹೆಚ್ಚಾದಂತೆ ನಂಬಿಕೆ 1ರ ಹತ್ತಿರ ಹೋಗುತ್ತದೆ, ದಾಟುವುದಿಲ್ಲ. ಆದರೆ ಆ 0.4, 0.7 ನಾನು ನನ್ನ ಅನುಭವದಿಂದ ಕೊಟ್ಟದ್ದು, ಅಳೆದು ಬಂದದ್ದಲ್ಲ. ಅಂಕಿ ಕಂಡ ಕೂಡಲೇ ಜನ ನಂಬಿಬಿಡುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಈಗ ನಿಮ್ಮ ಮನೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮನೆಯ ನಡುಭಾಗದ ಕೆಳಗೆ ತೇವ ಹೆಚ್ಚು ಬದಲಾಗುವುದಿಲ್ಲ, ಅಂಚಿನಲ್ಲಿ ಬದಲಾಗುತ್ತದೆ. ಅದರಿಂದ ಮೂಲೆಗಳು ಏಳುತ್ತವೆ, ಇಳಿಯುತ್ತವೆ. ಮೊದಲು ಒಂದು ಕೆಲಸ ಮಾಡಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕಿ ಇಟ್ಟು, ನಡುವಿನ ದೂರ ಅಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ, ಒಂದು ವರ್ಷ. ಜೊತೆಗೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ನೋಡಿ. ಆ ಮೂಲೆಯ ಹತ್ತಿರ ದೊಡ್ಡ ಮರ ಇದೆಯಾ ನೋಡಿ, ಬೇರು ಬೇಸಿಗೆಯಲ್ಲಿ ಮಣ್ಣಿನ ನೀರೆಲ್ಲ ಹೀರುತ್ತದೆ. ಸೋರುವ ಪೈಪ್ ಸರಿಮಾಡಿಸಿ, ಮನೆ ಸುತ್ತ ಹೊರಕ್ಕೆ ಇಳಿಜಾರಾಗಿ ಅಗಲವಾದ ಕಾಂಕ್ರೀಟ್ ಪಟ್ಟಿ ಹಾಕಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅಲುಗಾಟ ಕಡಿಮೆಯಾಗಿದ್ದನ್ನು ನೋಡಿದ್ದೇನೆ. ಆಮೇಲೂ ಬಿರುಕು ಬೆಳೆಯುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಪಾಯ ಅಗೆದು ನೋಡಲೇಬೇಕು.

ಗದಗದ ಕಡೆ ಹೊಸದಾಗಿ ಮನೆ ಕಟ್ಟುವವರಿಗೆ ಒಂದು ಮಾತು. ಎರೆ ಮಣ್ಣಿಗೆ ಅಂತಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್-ರೀಮ್ಡ್ ಪೈಲ್ ಬೆಳೆಸಿದೆ. ಕೆಳಗೆ ಗಡಿಗೆಯ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬ ಅದು. ಸಾಮಾನ್ಯವಾಗಿ 3.5 ಮೀಟರ್‌ನಷ್ಟು ಆಳಕ್ಕೆ, ಅಂದರೆ ಮಳೆ ಬಿಸಿಲಿಗೆ ಮಣ್ಣು ಬದಲಾಗದ ಆಳಕ್ಕೆ ಇಳಿಸುತ್ತಾರೆ. ಕಟ್ಟುವ ಮೊದಲೇ ಕೇಳಿ.

ಪ್ರಶ್ನೆ: ನಾನು ಅಬುಧಾಬಿಯಲ್ಲಿ ಪ್ಲಾನಿಂಗ್ ಎಂಜಿನಿಯರ್, ಊರು ಉಡುಪಿ. ಶೆಡ್ಯೂಲ್ ತಂತ್ರಾಂಶ ಇದ್ದೇ ಇದೆ. ಅದರ ಮೇಲೆ ಎಕ್ಸ್‌ಪರ್ಟ್ ಸಿಸ್ಟಂ ಏನು ಹೊಸದಾಗಿ ಕೊಡುತ್ತದೆ?
– ಓದುಗರು, ಅಬುಧಾಬಿ

ಉತ್ತರ: ತಡವಾದದ್ದರ ಕಾರಣವನ್ನು ಮುಂದಿನ ಕೆಲಸಗಳಿಗೂ ಹಚ್ಚುತ್ತದೆ. ಸಾಮಾನ್ಯ ಶೆಡ್ಯೂಲ್‌ನಲ್ಲಿ ಒಂದು ಕೆಲಸ 10 ದಿನದ ಬದಲು 14 ದಿನ ಹಿಡಿದರೆ, ಅದು ಮುಗಿಯಲಿ ಅಂತ ಕಾಯುವ ನಂತರದ ಕೆಲಸಗಳೆಲ್ಲ 4 ದಿನ ಮುಂದಕ್ಕೆ ಜರುಗುತ್ತವೆ, ಅಷ್ಟೇ. ಉಳಿದ ಕೆಲಸಗಳ ಅವಧಿ ಹಾಗೇ ಇರುತ್ತದೆ. 1985ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನ ರೇಮಂಡ್ ಲೆವಿಟ್ ಮತ್ತು ಜಾನ್ ಕುಂಝ್ ಸಮುದ್ರದಲ್ಲಿ ನಿಲ್ಲಿಸುವ ಎಣ್ಣೆ ವೇದಿಕೆಗಳ ಕೆಲಸಕ್ಕೆ ಪ್ಲಾಟ್‌ಫಾರ್ಮ್ ಅನ್ನುವ ಸಿಸ್ಟಂ ಮಾಡಿದರು. ಅದು ತಡವಾದ ಕೆಲಸಗಳಲ್ಲಿ ಸಮನಾಗಿ ಇರುವುದು ಏನು ಅಂತ ಹುಡುಕುತ್ತಿತ್ತು. ಒಂದೇ ಸಾಮಾನು, ಒಂದೇ ತಂಡ, ಒಂದೇ ಹವೆ. ಕೆಲಸ ಹಾಳುಮಾಡುವ ಅಂಶಕ್ಕೆ ‘ಖಳ’, ಬೇಗ ಮುಗಿಸುವ ಅಂಶಕ್ಕೆ ‘ವೀರ’ ಅಂತ ಹೆಸರಿಟ್ಟು, ಅದೇ ಅಂಶ ಇರುವ ಮುಂದಿನ ಕೆಲಸಗಳ ಅವಧಿಯನ್ನೂ ತಿದ್ದುತ್ತಿತ್ತು.

ನಿಮ್ಮಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸ ನಿಷೇಧ ಇದೆಯಲ್ಲ, ಅದನ್ನು ನೀವು ಕ್ಯಾಲೆಂಡರಿಗೆ ಹಾಕಿಯೇ ಇರುತ್ತೀರಿ. ಆದರೆ 3 ಗಂಟೆಯ ನಂತರ ಅದೇ ತಂಡ ಬೆಳಗಿನಷ್ಟೇ ಕೆಲಸ ಮಾಡುತ್ತಾ? ಅದು ಕ್ಯಾಲೆಂಡರಿನಲ್ಲಿ ಇಲ್ಲ. ಅದು ಗೊತ್ತಿರುವುದು ಫೋರ್‌ಮನ್‌ಗೆ. ಅವರನ್ನು ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ನಮ್ಮಪ್ಪ ನಲವತ್ತು ವರ್ಷದಿಂದ ಗಾರೆ ಮೇಸ್ತ್ರಿ. ನಾನು ಡಿಪ್ಲೊಮಾ ಮುಗಿಸಿದ್ದೇನೆ. ಅವರಿಗೆ ಗೊತ್ತಿರುವುದನ್ನೆಲ್ಲ ಬರೆದಿಡಬೇಕು ಅಂತ ಆಸೆ. ಕೇಳಿದರೆ ‘ಅದೆಲ್ಲ ನೋಡಿದರೆ ಗೊತ್ತಾಗುತ್ತೆ ಮಗಳೇ’ ಅನ್ನುತ್ತಾರೆ. ಹೇಗೆ ಕೇಳಲಿ?
– ತುರುವೇಕೆರೆಯಿಂದ

ಉತ್ತರ: ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿನ್ನದು. ಎಕ್ಸ್‌ಪರ್ಟ್ ಸಿಸ್ಟಂ ಮಾಡಿದವರೆಲ್ಲ ಸಿಕ್ಕಿಕೊಂಡದ್ದು ನೀನು ಹೇಳಿದ ಇದೇ ಜಾಗದಲ್ಲಿ. ಬಲ್ಲವರ ತಲೆಯಿಂದ ತಿಳಿವಳಿಕೆಯನ್ನು ಹೊರಗೆ ತರುವುದೇ ಕಷ್ಟದ ಕೆಲಸ.

‘ನಿಯಮ ಏನಪ್ಪಾ’ ಅಂತ ಕೇಳಬೇಡ. ಅವರು ನಿಯಮವಾಗಿ ನೆನಪಿಟ್ಟುಕೊಂಡಿಲ್ಲ, ಸೈಟುಗಳಾಗಿ ನೆನಪಿಟ್ಟಿದ್ದಾರೆ. ‘ಗೋಡೆ ಕೆಡವಿ ಮತ್ತೆ ಕಟ್ಟಿದ್ದು ಯಾವ ಮನೆಯಲ್ಲಿ? ಏನಾಗಿತ್ತು?’ ಅಂತ ಕೇಳು. ಕಥೆ ಬರುತ್ತೆ. ಅದರಲ್ಲಿ ನಿಯಮ ಇರುತ್ತೆ. ಅವರು ‘ಹೀಗೇ ಮಾಡಬೇಕು’ ಅಂದಾಗ ‘ಯಾವಾಗ ಹೀಗೆ ಮಾಡಲ್ಲ?’ ಅಂತ ಕೇಳುವುದನ್ನು ಮರೆಯಬೇಡ. ಮೂಡಿಗೆರೆಯಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದು.

‘ನೋಡಿದರೆ ಗೊತ್ತಾಗುತ್ತೆ’ ಅನ್ನುವುದಕ್ಕೂ ದಾರಿ ಇದೆ. ಮರಳನ್ನೇ ತಗೋ. ಅಪ್ಪ ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಅಂಗೈ ನೋಡಿ ‘ಬೇಡ, ಮಣ್ಣು ಜಾಸ್ತಿ’ ಅನ್ನುತ್ತಾರೆ ಅಲ್ವಾ? ಬೇರೆ ಬೇರೆ ಸೈಟಿನಿಂದ ಹತ್ತು ಪೊಟ್ಟಣ ಮರಳು ತಾ. ಪೊಟ್ಟಣಕ್ಕೆ ನಂಬರ್ ಹಾಕು. ಅಪ್ಪನ ಕೈಗೆ ಒಂದೊಂದೇ ಕೊಟ್ಟು ಬೇಕು, ಬೇಡ ಅಷ್ಟೇ ಕೇಳು. ಯಾವ ಊರಿನದು ಅಂತ ಹೇಳಬೇಡ. ಆಮೇಲೆ ಅದೇ ಹತ್ತನ್ನೂ ಒಂದೇ ಥರದ ಗಾಜಿನ ಬಾಟಲಿಗಳಲ್ಲಿ ಅರ್ಧದವರೆಗೆ ತುಂಬಿ, ಒಂದು ಚಮಚ ಉಪ್ಪು ಹಾಕಿದ ನೀರು ಸೇರಿಸಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡು. ಮರಳಿನ ಮೇಲೆ ನಯವಾದ ಮಣ್ಣಿನ ಪದರ ಕೂರುತ್ತದೆ. ಮರಳು ಎಷ್ಟು ಎತ್ತರ, ಮಣ್ಣು ಎಷ್ಟು ಎತ್ತರ ಅಂತ ಸ್ಕೇಲಿನಲ್ಲಿ ಅಳೆ. ಎಷ್ಟು ಮಿಲಿಮೀಟರ್ ಆದಮೇಲೆ ಅಪ್ಪ ‘ಬೇಡ’ ಅನ್ನಲು ಶುರುಮಾಡಿದ್ದಾರೆ ನೋಡು. ಅವರ ಅಂಗೈಯಲ್ಲಿ ಇರುವ ಅಂಕಿ ಅದು.

ಯಾವುದಾದರೂ ಒಂದು ಪೊಟ್ಟಣದಲ್ಲಿ ಅಪ್ಪನಿಗೂ ಬಾಟಲಿಗೂ ತಾಳೆ ಬರದಿದ್ದರೆ ಅದನ್ನು ಚೆಲ್ಲಬೇಡ. ಅಪ್ಪನ ಜೊತೆ ಕೂತು ಮತ್ತೆ ಮುಟ್ಟಿಸಿ ಕೇಳು. ಬಾಟಲಿಗೆ ಕಾಣದ ಏನನ್ನೋ ಅವರು ಗಮನಿಸಿರಬಹುದು, ಹಾಗಿದ್ದರೆ ಅದೇ ನಿನ್ನ ಎರಡನೇ ನಿಯಮ. ಹತ್ತು ನಿಯಮ ಆದಾಗ ನನಗೆ ಬರೆದು ಕಳಿಸು.